ಪಾಸ್‌ವರ್ಡ್ ಹಾಕಿದ ಮ್ಯಾಪ್ ತಗೋಬೇಡಿ, ನನ್ನ ಎಂಜಿನ್ ಹೋದದ್ದು ಹೀಗೆ

ಮೊದಲೇ ಹೇಳಿಬಿಡ್ತೀನಿ. ಮ್ಯಾಪ್ ಅಂದ್ರೆ ಎಂಜಿನ್‌ಗೆ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಅಂತ ಹೇಳೋ ಅಂಕಿಗಳ ಫೈಲ್, ಅದನ್ನ ಹೊಂದಿಸೋನು ಟ್ಯೂನರ್. ದುಡ್ಡು ಕೊಟ್ಟ ಮೇಲೂ ಮ್ಯಾಪ್ ನೋಡೋಕೆ ಬಿಡದ ಟ್ಯೂನರ್ ಹತ್ತಿರ ಹೋಗಬೇಡಿ. ಎಷ್ಟೇ ಹೆಸರಿರಲಿ, ಎಷ್ಟೇ ಕಾರುಗಳ ವಿಡಿಯೋ ತೋರಿಸಲಿ, ಹೋಗಬೇಡಿ. ನಾನು ಹೋದೆ. ಈಗ ನನ್ನ ಎಂಜಿನ್ ಬಿಚ್ಚಿ ಹರಡಿಕೊಂಡು ಕೂತಿದೆ, ಮೂರನೇ ಪಿಸ್ಟನ್‌ನಲ್ಲಿ ಎರಡು ರಿಂಗುಗಳ ನಡುವಿನ ಅಂಚು ಒಡೆದು ಹೋಗಿದೆ.

ಎಂಜಿನ್‌ಗೆ ಗಾಳಿ ತುರುಕೋ ಟರ್ಬೊ ದೊಡ್ಡದು ಹಾಕಿಸಿದ್ದೆ, ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ನಿಮಿಷಕ್ಕೆ 1000 ಸಿಸಿಯವು. ಕಂಪನಿ ಇಸಿಯುನಲ್ಲಿ (ಎಂಜಿನ್ ನಡೆಸೋ ಕಂಪ್ಯೂಟರ್) ಇದನ್ನ ಸರಿಯಾಗಿ ನಡೆಸೋಕಾಗಲ್ಲ, ನನ್ನ ಮಾಡೆಲ್‌ಗೆ ಅದನ್ನ ತಿದ್ದಿ ಬರೆಯೋ ರೀಫ್ಲ್ಯಾಶ್ ಸಾಫ್ಟ್‌ವೇರೂ ಇಲ್ಲ. ಹಾಗಾಗಿ ಅದರ ಬದಲು ಸ್ಟ್ಯಾಂಡ್‌ಅಲೋನ್ (ಪ್ರತ್ಯೇಕವಾಗಿ ಸಿಗೋ) ಇಸಿಯು ಹಾಕಿಸೋಣ ಅಂತ ಹೊರಟೆ. ಅದರಲ್ಲಿ ತಪ್ಪಿಲ್ಲ, ಈಗಲೂ ಹಾಗೇ ಹೇಳ್ತೀನಿ. ತಗೊಂಡ ಇಸಿಯು ಪೆಟ್ಟಿಗೆಯಲ್ಲೂ ದೋಷ ಇಲ್ಲ. ಪೆಟ್ಟಿಗೆ ಮಾರಿದವನನ್ನೇ ಟ್ಯೂನಿಂಗ್‌ಗೂ ನಂಬಿದೆ ನೋಡಿ, ಅಲ್ಲಿ ಎಡವಿದ್ದು.

ನಾಚಿಕೆ ಆಗೋದು ಯಾಕಂದ್ರೆ ನಾನು ಏನೂ ಗೊತ್ತಿಲ್ಲದೆ ಹೋದವನಲ್ಲ. ಆರು ತಿಂಗಳು ಓದಿದ್ದೆ. ಕ್ರ್ಯಾಂಕ್ ಚಕ್ರ 36-1 (36 ಹಲ್ಲಿನ ಜಾಗದಲ್ಲಿ ಒಂದು ಇಲ್ಲದ್ದು) ಅಂದ್ರೇನು, 60-2 ಅಂದ್ರೇನು, ಹೊಗೆ ನೋಡಿ ಗಾಳಿ-ಪೆಟ್ರೋಲ್ ಪ್ರಮಾಣ ಹೇಳೋ ನ್ಯಾರೋಬ್ಯಾಂಡ್ ಸೆನ್ಸರ್ 14.7ರ (ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ) ಆಸುಪಾಸು ಬಿಟ್ಟು ಬೇರೆಲ್ಲೂ ನಂಬೋಕಾಗಲ್ಲ, ಅದಕ್ಕೇ ವೈಡ್‌ಬ್ಯಾಂಡ್ ಬೇಕು, ಇದೆಲ್ಲ ಗೊತ್ತಿತ್ತು. ಯಾವ ಇಸಿಯುಗೆ ಎಷ್ಟು ಔಟ್‌ಪುಟ್, ಎಷ್ಟು ನಾಕ್ (ಎಂಜಿನ್ ಒಳಗೆ ಪೆಟ್ರೋಲ್ ತಾನಾಗೇ ಸಿಡಿಯೋದು) ಇನ್‌ಪುಟ್ ಅಂತ ಪಟ್ಟಿ ಮಾಡಿ ಹೋಲಿಸಿದ್ದೆ. ಕೇಳಲೇಬೇಕಿದ್ದ ಒಂದು ಮಾತು ಮಾತ್ರ ಕೇಳಲಿಲ್ಲ. ಕೆಲಸ ಮುಗಿದ ಮೇಲೆ ಮ್ಯಾಪ್ ಯಾರ ಕೈಲಿರುತ್ತೆ?

ಮಾರಿದವನು ಹೇಳಿದ್ದು: "ಗುರು, ಪ್ಲಗ್ ಆಂಡ್ ಪ್ಲೇ. ನಾಕ್ ಕಂಟ್ರೋಲ್, ಓವರ್‌ಬೂಸ್ಟ್ ಕಟ್, ಕ್ಲೋಸ್ಡ್ ಲೂಪ್, ಎಲ್ಲಾ ಸೆಟ್ ಮಾಡೇ ಕೊಡ್ತೀನಿ. ನೀವು ಲ್ಯಾಪ್‌ಟಾಪ್ ಮುಟ್ಟೋ ಅವಶ್ಯಕತೇನೇ ಬರಲ್ಲ." ಅಂದ್ರೆ ನಾಕ್ ಆದ್ರೆ ತಡೆಯೋದು, ಟರ್ಬೊ ಒತ್ತಡ ಮಿತಿ ಮೀರಿದ್ರೆ ಎಂಜಿನ್ ಕಟ್ ಮಾಡೋದು, ಸೆನ್ಸರ್ ನೋಡಿ ಪೆಟ್ರೋಲ್ ತಾನೇ ತಿದ್ದಿಕೊಳ್ಳೋದು. ಲ್ಯಾಪ್‌ಟಾಪಿನ ಆ ಕೊನೇ ಮಾತು ಕೇಳಿ ಖುಷಿಪಟ್ಟೆ ನಾನು. ಮುಟ್ಟೋಕೆ ಬಿಡಲ್ಲ ಅಂತಲೇ ಅವನು ಹೇಳ್ತಿದ್ದದ್ದು.

ಡೈನೋ (ಕಾರಿನ ಪವರ್ ಅಳೆಯೋ ಯಂತ್ರ) ಮೇಲೆ 180 ಕೆಪಿಎವರೆಗೆ (ಒತ್ತಡದ ಅಳತೆ, ಹೊರಗಿನ ಗಾಳಿಯದ್ದೇ ಸುಮಾರು 100), ಅಂದ್ರೆ ಸುಮಾರು 0.8 ಬಾರ್ ಬೂಸ್ಟ್‌ಗೆ ಓಡಿಸಿ ಗ್ರಾಫ್ ಕೊಟ್ಟ. ಪವರ್ ಗೆರೆ, ಟಾರ್ಕ್ ಗೆರೆ, ಅಷ್ಟೇ. ಗಾಳಿ-ಪೆಟ್ರೋಲ್ ಪ್ರಮಾಣದ ಗೆರೆ ಇರಲಿಲ್ಲ. ಕೇಳಿದ್ದಕ್ಕೆ "ಅದು ನಮ್ಮ ಹತ್ತಿರ ಇರುತ್ತೆ" ಅಂದ. ಅಲ್ಲೇ ಎದ್ದು ಬರಬೇಕಿತ್ತು.

ಕೆಲವು ವಾರ ಎಲ್ಲಾ ಚೆನ್ನಾಗೇ ಇತ್ತು. ಒಂದು ಚಳಿ ರಾತ್ರಿ ಬೂಸ್ಟ್ 210ಕ್ಕೆ ಏರ್ತು, ಗಾಳಿ-ಪೆಟ್ರೋಲ್ ಮೀಟರ್‌ನಲ್ಲಿ 13.2 ಕಾಣಿಸ್ತು, ಅಂದ್ರೆ ಪೆಟ್ರೋಲ್ ಕಡಿಮೆ. ಟರ್ಬೊ ಎಂಜಿನ್‌ನಲ್ಲಿ, ಪೆಟ್ರೋಲ್‌ನಲ್ಲಿ, ಫುಲ್ ಲೋಡ್‌ಗೆ 11.5ರಿಂದ 12 ಇರಬೇಕಾದ ಜಾಗ ಅದು. ತಕ್ಷಣ ಕಾಲು ತೆಗೆದೆ. ಮಾರಿದವನಿಗೆ ಫೋಟೋ ಕಳಿಸಿದೆ. ಉತ್ತರ: "ನಿಮ್ಮ ಮೀಟರ್ ಸುಳ್ಳು ಹೇಳ್ತಿದೆ." ಆ ಮೀಟರ್ ಹಾಕಿದ್ದೂ ಅವನೇ.

ಬೇರೆ ಒಬ್ಬ ಟ್ಯೂನರ್ ಹತ್ತಿರ ಹೋದೆ. ಅವರು ಕೇಬಲ್ ಚುಚ್ಚಿದ್ರು, ಸಾಫ್ಟ್‌ವೇರ್ ಕನೆಕ್ಟ್ ಆಯ್ತು, ಪರದೆ ಮೇಲೆ ಪುಟ್ಟ ಚೌಕ ಬಂತು. ಪಾಸ್‌ವರ್ಡ್. ಅವರು ನನ್ನ ಮುಖ ನೋಡಿದ್ರು, "ಏನು ಸರ್ ಪಾಸ್‌ವರ್ಡ್?" ಅಂದ್ರು. ನನ್ನ ಕಾರು. ನನ್ನ ದುಡ್ಡಲ್ಲಿ ತಗೊಂಡ ಇಸಿಯು. ನನಗೆ ಗೊತ್ತಿಲ್ಲ ಅಂತ ಹೇಳಬೇಕಾಯ್ತು. ಆ ಕ್ಷಣ ಇನ್ನೂ ಮರೆಯೋಕಾಗ್ತಿಲ್ಲ. "ಪೂರ್ತಿ ಅಳಿಸಿ ಮೊದಲಿಂದ ಶುರು ಮಾಡಬಹುದು, ಒಳಗೇನಿದೆ ಅಂತ ನೋಡೋಕೆ ಮಾತ್ರ ಆಗಲ್ಲ" ಅಂದ್ರು. ಮತ್ತೆ ಅಷ್ಟೇ ಖರ್ಚು. ಆಗಲೇ ಅಳಿಸಿ ಅನ್ನಬೇಕಿತ್ತು, ಅನ್ನಲಿಲ್ಲ.

ಪಾಸ್‌ವರ್ಡ್ ಕೇಳಿದ್ದಕ್ಕೆ ಮಾರಿದವನಿಂದ ಬಂದ ಉತ್ತರಗಳು, ಒಂದಾದ ಮೇಲೆ ಒಂದು:

"ಮ್ಯಾಪ್ ನಮ್ಮ ವರ್ಷಗಳ ಶ್ರಮ, ಕೊಡೋಕಾಗಲ್ಲ ಸರ್."

"ಬೇರೆಯವರು ಮುಟ್ಟಿದ್ರೆ ನಮ್ಮ ಜವಾಬ್ದಾರಿ ಇರಲ್ಲ."

"ಏನೂ ಆಗಲ್ಲ, ಧೈರ್ಯವಾಗಿ ಓಡಿಸಿ."

ದುಡ್ಡು ಕೊಡೋವರೆಗೂ ಗುರು ಆಗಿದ್ದೆ, ಆಮೇಲೆ ಸರ್ ಆದೆ.

ಎರಡು ವಾರ ಕಾಲು ಬಿಗಿಹಿಡಿದೇ ಓಡಿಸಿದೆ. ಒಂದೇ ಒಂದು ಓವರ್‌ಟೇಕ್. ಹಿಂದೆ ನೀಲಿ ಹೊಗೆ. ಕಂಪ್ರೆಷನ್ ನೋಡಿದ್ರೆ ಮೂರನೇ ಸಿಲಿಂಡರ್ ಉಳಿದವುಗಳ ಅರ್ಧ ಇತ್ತು. ತಿಳಿಸಿದೆ. "ಕೆಟ್ಟ ಪೆಟ್ರೋಲ್ ಹಾಕಿಸಿದ್ದೀರಿ" ಅಂದ. ನಾನು ಬಿಡದೆ ಕೇಳ್ತಾನೇ ಇದ್ದಾಗ, ತನ್ನ ತಪ್ಪಿಲ್ಲ ಅಂತ ತೋರಿಸೋಕೆ ಮ್ಯಾಪ್ ಫೈಲನ್ನೇ ಕಳಿಸಿಬಿಟ್ಟ, ಲಾಕ್ ಇಲ್ಲದ್ದು. "ತೋರಿಸಿ ಯಾರಿಗೆ ಬೇಕಾದ್ರೂ" ಅಂದ.

ಇಸಿಯು ಇಲ್ಲದೆಯೂ ಫೈಲ್ ತೆರೆಯುವ ಸಾಫ್ಟ್‌ವೇರ್ ಅದು, ತಯಾರಕರೇ ಉಚಿತವಾಗಿ ಕೊಡ್ತಾರೆ. ರಾತ್ರಿ ಕೂತು ತೆರೆದೆ. ಟಿಪ್ಪಣಿ ಬರೆಯೋ ಜಾಗದಲ್ಲಿ ಬೇರೆ ಯಾವುದೋ ಕಾರಿನ ವಿವರ! ಇಂಜೆಕ್ಟರ್ ಸೈಜ್ 550. ನನ್ನವು 1000. ಇಂಜೆಕ್ಟರ್ ಚಿಕ್ಕದು ಅಂದುಕೊಂಡ ಇಸಿಯು ಸುಮಾರು ದುಪ್ಪಟ್ಟು ಪೆಟ್ರೋಲ್ ಸುರಿಯುತ್ತೆ, ಅದನ್ನ ಮುಚ್ಚೋಕೆ ವಿಇ ಟೇಬಲ್ (ಎಂಜಿನ್ ಎಷ್ಟು ಗಾಳಿ ತುಂಬಿಕೊಳ್ಳುತ್ತೆ ಅನ್ನೋ ಅಂಕಿಗಳ ಪಟ್ಟಿ) ಪೂರ್ತಿ ಅರ್ಧಕ್ಕೆ ಇಳಿಸಿದ್ದಾನೆ. ಫುಲ್ ಬೂಸ್ಟ್‌ನಲ್ಲಿ 90-100ರ ಹತ್ತಿರ ಇರಬೇಕಾದ ಅಂಕಿ 51, 52. ಅದೂ ಡೈನೋದಲ್ಲಿ ಓಡಿದ 180ರ ಸಾಲಿನವರೆಗೆ ಮಾತ್ರ. ಅದರ ಮೇಲಿನ ಸಾಲುಗಳನ್ನ ಅರ್ಧ ಮಾಡಿದ ಮೇಲೆ ಮುಟ್ಟೇ ಇಲ್ಲ, ಇದ್ದಕ್ಕಿದ್ದ ಹಾಗೆ 45. ನನ್ನ 13.2 ಅಲ್ಲಿಂದ ಬಂದದ್ದು. ಮೀಟರ್ ಸುಳ್ಳು ಹೇಳಿರಲಿಲ್ಲ.

ಬೂಸ್ಟ್ ಏರಿದಷ್ಟೂ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಹೋಗಬೇಕು, ಅಂದ್ರೆ ಕಿಡಿ ತಡವಾಗಿ ಬರಬೇಕು ತಾನೆ? 180ರ ಸಾಲಿನ ಟೈಮಿಂಗ್ 200ಕ್ಕೂ 220ಕ್ಕೂ ಹಾಗೇ ಕಾಪಿ. ಒಳಗೆ ಬರೋ ಗಾಳಿ ಬಿಸಿಯಾದ್ರೆ ಟೈಮಿಂಗ್ ಇಳಿಸೋ ಟೇಬಲ್‌ನಲ್ಲಿ ಎಲ್ಲಾ ಸೊನ್ನೆ. ಓವರ್‌ಬೂಸ್ಟ್ ಕಟ್ 320 ಕೆಪಿಎ, ನನ್ನ ಸೆನ್ಸರ್ 3 ಬಾರ್‌ದು, ಅದು 300ರ ಸುತ್ತಮುತ್ತಲೇ ನಿಂತುಹೋಗುತ್ತೆ, ಆ ಕಟ್ ಯಾವತ್ತೂ ಕೆಲಸ ಮಾಡ್ತಿರಲಿಲ್ಲ. ಕ್ಲೋಸ್ಡ್ ಲೂಪ್ ಕಡಿಮೆ ಲೋಡ್‌ಗೆ ಮಾತ್ರ ಆನ್. ಅದಕ್ಕೇ ದಿನನಿತ್ಯದ ಓಡಾಟದಲ್ಲಿ ಎಲ್ಲಾ ಸರಿ ಅನ್ನಿಸ್ತಿತ್ತು, ತಪ್ಪು ಅಂಕಿಗಳನ್ನ ಅದು ತಿದ್ದಿ ಮುಚ್ಚಿಡ್ತಿತ್ತು. ನಾಕ್ ಕಂಟ್ರೋಲ್ ಆಫ್. ಎಂಜಿನ್ ಇಳಿಸಿದಾಗ ನೋಡಿದ್ರೆ ನಾಕ್ ಸೆನ್ಸರ್ ವೈರನ್ನ ಇಸಿಯುಗೆ ಕೊಟ್ಟೇ ಇರಲಿಲ್ಲ, ಟೇಪ್ ಸುತ್ತಿ ಬಿಟ್ಟಿದ್ದ.

ಈ ಪರದೆಗಳ ಚಿತ್ರ ತೆಗೆದು ಕಳಿಸಿದೆ. "ಅದು ಹಳೇ ಫೈಲ್, ತಪ್ಪಾಗಿ ಬಂದಿದೆ" ಅಂದ. ಹಾಗಾದ್ರೆ ಸರಿಯಾದದ್ದು ಕಳಿಸಿ ಅಂದೆ. ಉತ್ತರ ಇಲ್ಲ.

ನೀವು ಹೊರಟಿದ್ದರೆ ಇಷ್ಟು ಮಾಡಿ. ಪೆಟ್ಟಿಗೆ ಆರಿಸೋ ಮೊದಲು ಅದರ ಸಾಫ್ಟ್‌ವೇರ್ ಇಳಿಸಿಕೊಂಡು ನಿಮ್ಮ ಲ್ಯಾಪ್‌ಟಾಪಲ್ಲೇ ತೆರೆದು ನೋಡಿ, ಲೈಸೆನ್ಸ್ ನಿಮ್ಮ ಹೆಸರಿಗಿರಲಿ. ನಿಮ್ಮ ಕಡೆ ಒಬ್ಬನಿಗೇ ಟ್ಯೂನ್ ಮಾಡೋಕೆ ಬರೋ ಇಸಿಯು ಬೇಡ, ಎಷ್ಟೇ ಚೆನ್ನಾಗಿರಲಿ. ಲಾಕ್ ಇಲ್ಲದ ಮ್ಯಾಪ್ ಫೈಲ್, ಡೈನೋ ಲಾಗ್ ಕೈಗೆ ಬರದೆ ಬಾಕಿ ದುಡ್ಡು ಕೊಡಬೇಡಿ. ಇಂಜೆಕ್ಟರ್ ಸೈಜ್ ಅನ್ನೋ ಒಂದು ಅಂಕಿ ನೋಡಿದ್ರೂ ಸಾಕಿತ್ತು ನನಗೆ, ಒಂದೇ ಒಂದು ಅಂಕಿ.

ಇದನ್ನ ಬರೆಯೋಕೆ ಮನಸ್ಸಿರಲಿಲ್ಲ, ಮರ್ಯಾದೆ ಹೋಗುತ್ತೆ ಅಂತ ಸುಮ್ಮನಿದ್ದೆ. ಆದರೆ ನನ್ನ ಕಾರಿನ ಡೈನೋ ಗ್ರಾಫನ್ನ ಅವನು ಇವತ್ತಿಗೂ ಜಾಹೀರಾತಿಗೆ ಬಳಸ್ತಿದ್ದಾನೆ. ತೆಗೆಯಿರಿ ಅಂತ ಮೂರು ಸಲ ಕೇಳಿದೆ. ಮೊನ್ನೆ ನೋಡಿದ್ರೆ ಅದರ ಕೆಳಗೆ ಯಾರೋ ಹುಡುಗ "ನನ್ನ ಕಾರಿಗೂ ಇದೇ ಮ್ಯಾಪ್ ಸಿಗುತ್ತಾ ಅಣ್ಣ?" ಅಂತ ಕೇಳಿದ್ದಾನೆ.