ಟ್ಯೂಲಿಪ್ ಗೆಡ್ಡೆ ಆನ್‌ಲೈನ್‌ನಲ್ಲಿ ತರಿಸೋ ಮುಂಚೆ ಇದನ್ನ ಓದಿ

ಒಂದು ಆನ್‌ಲೈನ್ ಅಂಗಡಿಯವರು 'ಪ್ರೀ-ಚಿಲ್ಡ್ (ಅಂದ್ರೆ ಮೊದಲೇ ತಂಪಿನಲ್ಲಿಟ್ಟ) ಟ್ಯೂಲಿಪ್, ನೇರ ಕುಂಡಕ್ಕೆ ನೆಡಿ, ಮನೆಯೊಳಗೇ ಹೂ' ಅಂತ ಹಾಕಿದ್ರು. 12 ಗೆಡ್ಡೆಗೆ 1,080 ರೂಪಾಯಿ. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬಂತು. ಬಾಕ್ಸ್ ಬಿಚ್ಚಿದ್ರೆ ಸಾಂಬಾರ್ ಈರುಳ್ಳಿ ಗಾತ್ರದವು! ದಾರ ಸುತ್ತಿ ಅಳೆದೆ, 7 ಸೆಂ.ಮೀ. ಹೂ ಬಿಡೋ ಟ್ಯೂಲಿಪ್ ಗೆಡ್ಡೆ ಸುತ್ತಳತೆ ಸಾಮಾನ್ಯವಾಗಿ 10 ಸೆಂ.ಮೀ.ಗಿಂತ ಮೇಲಿರಬೇಕು, 12 ಇದ್ರೆ ಒಳ್ಳೇದು. ಕೇಳಿದ್ದಕ್ಕೆ 'ಸರ್, ಇದು ಮಿನಿ ವೆರೈಟಿ' ಅಂದ್ರು. ಗೊತ್ತಿದ್ದೂ ನಂಬಿಬಿಟ್ಟೆ, ಅದಕ್ಕೇ ನಾಚಿಕೆ.

ಕೋಕೋಪೀಟ್, ಮರಳು, ಎರೆಗೊಬ್ಬರ ಹಾಕಿ, ನೀರು ಬಸಿಯೋ ಕುಂಡದಲ್ಲಿ 11 ನೆಟ್ಟಿದ್ದಾಯ್ತು. ಬಂದಿದ್ದು ಗೆಡ್ಡೆಗೆ ಒಂದೇ ಒಂದು ಅಗಲ ಎಲೆ. ಟ್ಯೂಲಿಪ್‌ನಲ್ಲಿ ಒಂಟಿ ಎಲೆ ಅಂದ್ರೆ ಆ ವರ್ಷ ಹೂವಿಲ್ಲ.

ದೂರು ಹೇಳಿದ್ದಕ್ಕೆ ಅಂಗಡಿಯವರ ಮೊದಲ ಉತ್ತರ: 'ನೀರು ಜಾಸ್ತಿ ಹಾಕಿದ್ದೀರಿ.' ಆಮೇಲೆ: 'ಬಿಸಿಲು ಸಾಲಲ್ಲ.' ಆಮೇಲೆ: 'ಮುಂದಿನ ವರ್ಷ ಖಂಡಿತ ಬಿಡುತ್ತೆ ಸರ್.' ಬೆಂಗಳೂರಲ್ಲಿ ಮುಂದಿನ ವರ್ಷವಾ? ಚಳಿಯೇ ಸಾಲದ ಊರಲ್ಲಿ ಟ್ಯೂಲಿಪ್ ಗೆಡ್ಡೆ ವರ್ಷ ವರ್ಷ ಸೊರಗುತ್ತೆ, ಬಲಿಯಲ್ಲ. ಇದು ಮಾರೋರಿಗೆ ಗೊತ್ತಿರಲ್ವಾ?

ನೆಡದೆ ಉಳಿಸಿದ್ದ ಹನ್ನೆರಡನೇದನ್ನ ಬುಡದಿಂದ ತುದಿವರೆಗೆ ಸೀಳಿದೆ. ಹೂ ಬಿಡೋ ಗೆಡ್ಡೆಯಲ್ಲಿ ಮೊಗ್ಗು ನೆಡೋ ಮೊದಲೇ ಒಳಗೆ ರೂಪುಗೊಂಡಿರುತ್ತೆ, ನಟ್ಟನಡುವೆ ಎಲೆಗಳ ಸುತ್ತಿನೊಳಗೆ ಚಿಕ್ಕದಾಗಿ ಕಾಣುತ್ತೆ. ಇದರೊಳಗೆ ಬಿಳಿ ಪದರ, ನಡುವೆ ಒಂದೇ ಎಲೆಯ ಮೊಳಕೆ. ಮೊಗ್ಗೇ ಇಲ್ಲ. ಮೊಗ್ಗೇ ಇಲ್ಲದ್ದಕ್ಕೆ ನೀರು, ಬಿಸಿಲು ಏನು ಮಾಡುತ್ತೆ? ಆ ಫೋಟೋ ಕಳಿಸಿದೆ. 'ಕತ್ತರಿಸಿದ ಗೆಡ್ಡೆಗೆ ರಿಫಂಡ್ ಇಲ್ಲ' ಅಂತ ಹೇಳಿ ಬ್ಲಾಕ್ ಮಾಡಿದ್ರು.

ತರಿಸೋದೇ ಆದ್ರೆ ಸುತ್ತಳತೆ ಎಷ್ಟು ಸೆಂ.ಮೀ. ಅಂತ ಬರಹದಲ್ಲಿ ತಗೊಳ್ಳಿ. ಎಷ್ಟು ವಾರ ತಂಪಿನಲ್ಲಿಟ್ಟಿದ್ರು ಅಂತಲೂ ಕೇಳಿ, ಟ್ಯೂಲಿಪ್‌ಗೆ 12ರಿಂದ 16 ವಾರ ಬೇಕು. ನೀವೇ ಫ್ರಿಡ್ಜ್‌ನಲ್ಲಿಡೋದಾದ್ರೆ ಪೇಪರ್ ಕವರ್‌ನಲ್ಲಿಡಿ, ಸೇಬು ಬಾಳೆಹಣ್ಣಿನ ಪಕ್ಕ ಬೇಡ್ವೇ ಬೇಡ, ಹಣ್ಣಿಂದ ಬರೋ ಎಥಿಲೀನ್ ಅನ್ನೋ ಅನಿಲ ಒಳಗಿನ ಮೊಗ್ಗನ್ನ ಸಾಯಿಸುತ್ತೆ. ಅಷ್ಟೆಲ್ಲ ಬೇಡ ಅಂದ್ರೆ ಅಮರಿಲ್ಲಿಸ್ ತಗೊಳ್ಳಿ, ಅದೂ ಗೆಡ್ಡೆಯಿಂದ ಬರೋ ಹೂವೇ. ಅದಕ್ಕೆ ಫ್ರಿಡ್ಜ್ ಬೇಡ, ಗೆಡ್ಡೆಯ ಮೇಲಿನ ಮೂರನೇ ಒಂದು ಭಾಗ ಮಣ್ಣಿನ ಮೇಲೆ ಬಿಟ್ಟು ನೆಟ್ರೆ ಆಯ್ತು.

ಆ ಅಂಗಡಿಯವರು ಈಗ ಆಕಾಶನೀಲಿ ಟ್ಯೂಲಿಪ್ ಫೋಟೋ ಹಾಕಿದ್ದಾರೆ. ಆ ಬಣ್ಣದ ಟ್ಯೂಲಿಪ್ ಜಗತ್ತಲ್ಲೇ ಇಲ್ಲ, ದುಡ್ಡು ಕಳಿಸಬೇಡಿ.