ಕಾರಿಗೆ ಹೊಸ ಸ್ಪೀಕರ್ ಹಾಕಿಸೋರು ದಯವಿಟ್ಟು ಇದನ್ನ ಓದಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿಗೆ ಮ್ಯೂಸಿಕ್ ಸಿಸ್ಟಮ್ ಹಾಕಿಸಬೇಕು ಅಂತ ಇರುವವರು ಸ್ವಲ್ಪ ನಿಲ್ಲಿ. ಅಂಗಡಿ ಹೆಸರು ಬರೆಯಲ್ಲ. ಅಲ್ಲಿ ನಿಯತ್ತಾಗಿ ಕೆಲಸ ಮಾಡುವವರೂ ಇದ್ದಾರೆ. ನನಗೆ ಸಿಕ್ಕಿದವನು ಮಾತ್ರ ಹಗಲು ದರೋಡೆಕೋರ.

ಕಂಪನಿಯವರು ಕೊಟ್ಟಿದ್ದ ಸ್ಪೀಕರ್ ತೀರಾ ಸಪ್ಪೆ. ವಾಲ್ಯೂಮ್ ಜಾಸ್ತಿ ಮಾಡಿದರೆ ಒಡಕು ದನಿ. ಮುಂದಿನ ಬಾಗಿಲಿಗೆ ಕಾಂಪೊನೆಂಟ್ (ದಪ್ಪ ದನಿಗೆ, ಕೀಚು ದನಿಗೆ ಬೇರೆ ಬೇರೆ ಸ್ಪೀಕರ್), ಹಿಂದಕ್ಕೆ ಕೋಆಕ್ಸಿಯಲ್ (ಎರಡೂ ಒಂದರಲ್ಲೇ), ಸೀಟಿನ ಕೆಳಗೆ ನಾಲ್ಕು ಸ್ಪೀಕರಿಗೂ ಶಕ್ತಿ ಕೊಡೋ ನಾಲ್ಕು ಚಾನೆಲ್ ಆಂಪ್ಲಿಫೈಯರ್, ಅಂದರೆ ಆಂಪ್. ಕೂಲಿ ಸೇರಿ 38 ಸಾವಿರಕ್ಕೆ ಮಾತಾಯಿತು.

"ವಾರಂಟಿ ಇರೋ ಕಾರು, ವೈರ್ ಕತ್ತರಿಸಬೇಡಿ" ಅಂದೆ. "ಕಪ್ಲರ್ ಟು ಕಪ್ಲರ್ ಸಾರ್, ಒಂದು ವೈರೂ ಮುಟ್ಟಲ್ಲ" ಅಂದ. ಪ್ಲಗ್ಗಿಗೆ ಪ್ಲಗ್ ಸಿಕ್ಕಿಸೋದು ಅಷ್ಟೇ ಅಂತ ಅರ್ಥ. ಬಿಲ್ ಕೇಳಿದೆ. "ಬಿಲ್ ಹಾಕಿದ್ರೆ ಜಿಎಸ್‌ಟಿ ಸೇರುತ್ತೆ, ಸುಮ್ನೆ ಯಾಕೆ? ನಾನಿದ್ದೀನಲ್ಲ ಸಾರ್!" ಆಮೇಲೆ "ಟೈಮ್ ಹಿಡಿಯುತ್ತೆ, ಊಟ ಮಾಡ್ಕೊಂಡು ಬನ್ನಿ" ಅಂತ ಕಳಿಸಿದ.

ತುಮಕೂರಿಗೆ ವಾಪಸ್ ಬರುವಾಗಲೇ ಕುಂಯ್ ಅನ್ನೋ ಸದ್ದು ಶುರು. ಆಕ್ಸಿಲರೇಟರ್ ಒತ್ತಿದಷ್ಟೂ ಏರುತ್ತೆ, ಸೊಳ್ಳೆ ಕಿವಿಗೇ ಬಂದು ಕೂತ ಹಾಗೆ. ಮರುದಿನ ಬೆಳಗ್ಗೆ ಬ್ಯಾಟರಿ ಪೂರ್ತಿ ಡೌನ್. ಫೋನ್ ಮಾಡಿದರೆ "ಬ್ಯಾಟರಿ ವೀಕ್ ಇರ್ಬೇಕು, ಹೊಸದು ಹಾಕ್ಸಿ." ಒಂದು ವರ್ಷವೂ ಆಗದ ಕಾರು ಸ್ವಾಮಿ ಅದು!

ರಾತ್ರಿ ಕೀ ತೆಗೆದು, ಲಾಕ್ ಮಾಡಿ, ಕಿಟಕಿಯಿಂದ ಇಣುಕಿದೆ. ಸೀಟಿನ ಕೆಳಗೆ ಆಂಪ್ಲಿಫೈಯರಿನ ನೀಲಿ ದೀಪ ಹಾಗೇ ಉರಿಯುತ್ತಿತ್ತು.

ಊರಿನ ಎಲೆಕ್ಟ್ರಿಷಿಯನ್ ಹತ್ತಿರ ಬಿಚ್ಚಿಸಿದೆ. ಕೀ ಹಾಕಿದಾಗ ಮಾತ್ರ ಆಂಪನ್ನು ಆನ್ ಮಾಡಬೇಕಾದ ರಿಮೋಟ್ ವೈರನ್ನು ಆ ಅಂಗಡಿಯವನು ನೇರ ಬ್ಯಾಟರಿ ಲೈನಿಗೇ ಕೊಟ್ಟಿದ್ದಾನೆ. ಅರ್ತ್ ಸ್ಕ್ರೂ ಪೇಂಟಿನ ಮೇಲೇ ಕೂರಿಸಿದ್ದಾನೆ, ಲೋಹಕ್ಕೆ ಸರಿಯಾಗಿ ತಾಗಿಲ್ಲ, ಅದಕ್ಕೇ ಆ ಕುಂಯ್. ಬ್ಯಾಟರಿ ಹತ್ತಿರ ಫ್ಯೂಸೇ ಇಲ್ಲ. ಆ ದಪ್ಪ ವೈರ್ ಎಲ್ಲಾದರೂ ಸವೆದು ಕಾರಿನ ತಗಡಿಗೆ ತಾಗಿದ್ದರೆ ಕಾರೇ ಹೊತ್ತಿಕೊಳ್ಳುತ್ತಿತ್ತು. ತಾಮ್ರದ್ದು ಅಂತ ದುಡ್ಡು ತಗೊಂಡ ವೈರನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ, ಅಲ್ಯೂಮಿನಿಯಂ! ಕಪ್ಲರ್ ಟು ಕಪ್ಲರ್ ಅಂದಿದ್ದನಲ್ಲ? ಕಂಪನಿ ಕಪ್ಲರ್ ಕತ್ತರಿಸಿ ಟೇಪ್ ಸುತ್ತಿದ್ದಾನೆ.

ಆಂಪ್ ಮೇಲೆ 1600 ವ್ಯಾಟ್ ಅಂತ ಬರೆದಿದೆ. ಅದರ ಫ್ಯೂಸ್ 20 ಆಂಪಿಯರಿನವು ಎರಡು, ಅಂದರೆ ಅದು ಎಳೆಯೋ ಕರೆಂಟ್ ಹೆಚ್ಚೆಂದರೆ 40 ಆಂಪಿಯರ್. 40ನ್ನು 14 ವೋಲ್ಟಿಗೆ ಗುಣಿಸಿದರೆ 560. ಇನ್ನು 1600 ಎಲ್ಲಿಂದ ಬರುತ್ತೆ?

ಇಷ್ಟಾದರೂ ತಡೆದುಕೊಂಡಿದ್ದೆ. ಹಿಂದಿನ ಬಾಗಿಲಿನ ಪ್ಯಾಡ್ ಬಿಚ್ಚಿದರು ನೋಡಿ, ಅಲ್ಲಿ ಅದೇ ಹಳೇ ಸ್ಪೀಕರ್! ಕಾಗದದ ಕೋನ್, ಬೆನ್ನಿಗೆ ಕಾರು ಕಂಪನಿಯ ಸ್ಟಿಕ್ಕರ್. ಹೊಸ ಸ್ಪೀಕರಿನ ಖಾಲಿ ಡಬ್ಬ ಮಾತ್ರ ಡಿಕ್ಕಿಯಲ್ಲಿದೆ. ಡಬ್ಬ ಕೊಟ್ಟಿದ್ದಾನೆ, ಸ್ಪೀಕರ್ ಕೊಟ್ಟಿಲ್ಲ! ಪಕ್ಕದಲ್ಲಿದ್ದ ನನ್ನ ಭಾವನಿಗೆ ನಗು ತಡೆಯೋಕೆ ಆಗಲಿಲ್ಲ. "ಹಿಂದಿನ ಸೀಟಲ್ಲಿ ಕೂತು ಕೇಳಿ, ಹೇಗಿದೆ ಬಾಸ್" ಅಂತ ಹಿಂದಿನ ದಿನವಷ್ಟೇ ಅವರಿಗೆ ಕೊಚ್ಚಿಕೊಂಡಿದ್ದೆ.

ಅಂಗಡಿಯವನ ಉತ್ತರ ಕೇಳಿ. ಮೊದಲು: "ಹುಡುಗ ಮರ್ತಿರ್ಬೇಕು ಸಾರ್." ಆಮೇಲೆ: "ಹಿಂದೆ ಕೂತೋರು ಯಾರು ಸಾರ್ ಅಷ್ಟೆಲ್ಲ ಕೇಳ್ತಾರೆ?" ಜೋರು ಮಾಡಿದ್ದಕ್ಕೆ: "ಬೇರೆಯವರ ಹತ್ರ ಬಿಚ್ಚಿಸಿದ್ದೀರ, ಸ್ಪೀಕರ್ ಅವರೇ ತೆಗ್ದಿರ್ಬಹುದು." ಕೊನೆಗೆ: "ಬಿಲ್ ಇದ್ರೆ ತೋರ್ಸಿ." ಬಿಲ್ ಬೇಡ ಅಂದವನು ಇವನೇ. ಈಗ ಬಿಲ್ ತೋರ್ಸಬೇಕಂತೆ! ಸರ್ವಿಸ್ ಸೆಂಟರಿನವರು ಕತ್ತರಿಸಿದ ವೈರ್ ನೋಡಿ, ಆ ಭಾಗಕ್ಕೆ ವಾರಂಟಿ ಇಲ್ಲ ಅಂದುಬಿಟ್ಟರು.

ಊಟಕ್ಕೆ ಹೋಗಿ ಅಂದರೆ ಹೋಗಬೇಡಿ, ಹಸಿದುಕೊಂಡಾದರೂ ಅಲ್ಲೇ ನಿಲ್ಲಿ. ಪ್ಯಾಡ್ ಮುಚ್ಚುವ ಮುಂಚೆ ಪ್ರತಿ ಬಾಗಿಲಿನ ಫೋಟೋ ತೆಗೆಯಿರಿ. ಜಿಎಸ್‌ಟಿ ಹೋದರೆ ಹೋಗಲಿ, ಬಿಲ್ ತಗೊಳ್ಳಿ. ಯುಪಿಐ ಮಾಡುವಾಗ ಯಾರ ಹೆಸರು ಬರುತ್ತೆ ಅಂತಲೂ ನೋಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಅಂತ ಫೋನ್ ತೆಗೆದು ನೋಡಿದರೆ, ನನ್ನ 38 ಸಾವಿರ ಹೋಗಿರುವುದು ಅಂಗಡಿ ಹೆಸರಿಗಲ್ಲ, ಇನ್ಯಾರದೋ ಖಾತೆಗೆ.