ಮನೆ ಗ್ಯಾರೇಜಿಗೆ ಯಾವ ಕಂಪ್ರೆಸರ್? ಮೂರನ್ನು ಬಳಸಿ ನೋಡಿದ ಮೇಲೆ

ಗಾಳಿ ಹೊಡೆಯುವ ಕಂಪ್ರೆಸರ್ ಕೊಳ್ಳಲು ಹೊರಟವರು ಮೊದಲು ನೋಡುವುದು ಡಬ್ಬಿಯ ಮೇಲಿನ ಪಿಎಸ್‌ಐ, ಅಂದರೆ ಗಾಳಿಯ ಒತ್ತಡದ ಅಂಕಿ. ಟೈರಿಗೆ ಗಾಳಿ ತುಂಬುವ ಎರಡು-ಮೂರು ಸಾವಿರದ ಪುಟ್ಟ ಇನ್‌ಫ್ಲೇಟರ್ ಮೇಲೂ 150 ಪಿಎಸ್‌ಐ ಅಂತ ಬರೆದಿರುತ್ತದೆ. ಪಂಚರ್ ಅಂಗಡಿಯ ದೊಡ್ಡ ಯಂತ್ರದ ಮೀಟರೂ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತದೆ. ಹಾಗಂತ ಎರಡೂ ಒಂದೇನಾ? ಖಂಡಿತ ಅಲ್ಲ. ನೋಡಬೇಕಾದ್ದು ನಿಮಿಷಕ್ಕೆ ಎಷ್ಟು ಗಾಳಿ ಬರುತ್ತದೆ ಅನ್ನುವುದನ್ನು. ಅದನ್ನು ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ) ಲೆಕ್ಕದಲ್ಲೋ ಲೀಟರ್ ಲೆಕ್ಕದಲ್ಲೋ ಹಾಕಿರುತ್ತಾರೆ. 1 ಸಿಎಫ್‌ಎಂ ಅಂದರೆ ನಿಮಿಷಕ್ಕೆ ಸುಮಾರು 28 ಲೀಟರ್. ಅದರಲ್ಲೂ ಡಬ್ಬಿಯ ಮೇಲೆ ಎದ್ದು ಕಾಣುವ ಅಂಕಿ ಸಾಮಾನ್ಯವಾಗಿ ಪಿಸ್ಟನ್ ಎಳೆದುಕೊಳ್ಳುವ ಗಾಳಿಯದ್ದು. ಪೈಪಿನ ತುದಿಯಲ್ಲಿ ನಮ್ಮ ಕೈಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ.

ನಾನು ಬಳಸಿದ್ದು ಮೂರು ಬಗೆ. ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ 12 ವೋಲ್ಟಿನ ಇನ್‌ಫ್ಲೇಟರ್ ಒಂದು. ಆಯಿಲ್ ಹಾಕಬೇಕಿಲ್ಲದ, 24 ಲೀಟರ್ ಟ್ಯಾಂಕಿನ, 1 ಎಚ್‌ಪಿ ಕಂಪ್ರೆಸರ್ ಇನ್ನೊಂದು. ಇವೆರಡೂ ನಮ್ಮ ಮನೆಯಲ್ಲಿವೆ. ಮೂರನೆಯದು ಭಾವನ ಶೆಡ್ಡಿನಲ್ಲಿರುವ, ಮೋಟರು ಬೆಲ್ಟಿನಿಂದ ತಿರುಗಿಸುವ 2 ಎಚ್‌ಪಿಯ ಕಂಪ್ರೆಸರ್. ಆಯಿಲ್ ತುಂಬುವ ಜಾತಿಯದ್ದು, ಕೆಳಗೆ ದೊಡ್ಡ ಟ್ಯಾಂಕು. ನಮ್ಮದು ಸಾಗರದ ಹತ್ತಿರದ ಹಳ್ಳಿ. ಒಂದು ಕಾರು, ಎರಡು ಬೈಕು, ಮಕ್ಕಳ ಸೈಕಲ್ಲು, ತೋಟದ ಕಳೆ ಕತ್ತರಿಸುವ ಯಂತ್ರ, ಇಷ್ಟಕ್ಕೆ ಗಾಳಿ ಬೇಕು.

ಟೈರಿನಿಂದ ಶುರು ಮಾಡೋಣ. ಹೆಚ್ಚಿನವರು ಕೊಳ್ಳುವುದೇ ಅದಕ್ಕೆ ಅಲ್ವಾ. ಟೈರಿನ ಗಾಳಿಯನ್ನು ಟೈರ್ ತಣ್ಣಗಿರುವಾಗ ನೋಡಬೇಕು. ಕಾರಿನ ಬಾಗಿಲ ಪಕ್ಕ ಅಂಟಿಸಿರುವ ಅಂಕಿ ತಣ್ಣನೆಯ ಟೈರಿನದ್ದು. ಬಂಕ್ ದೂರವಿದ್ದರೆ ಅಲ್ಲಿಗೆ ಹೋಗುವಷ್ಟರಲ್ಲಿ ಟೈರ್ ಬಿಸಿಯಾಗಿ ಎರಡು-ಮೂರು ಪಿಎಸ್‌ಐ ಏರಿರುತ್ತದೆ, ಲೆಕ್ಕ ತಪ್ಪುತ್ತದೆ. ಮನೆಯಲ್ಲೇ ಬೆಳಿಗ್ಗೆ ಹಾಕಿಕೊಂಡರೆ ಆ ರಗಳೆ ಇಲ್ಲ. ಈ ಕೆಲಸದಲ್ಲಿ 12 ವೋಲ್ಟಿನದ್ದನ್ನು ಹೀಗಳೆಯುವಂತಿಲ್ಲ. ಬೇಕಾದ ಪಿಎಸ್‌ಐ ಒತ್ತಿ ಬಿಟ್ಟರೆ ತಾನೇ ನಿಲ್ಲುತ್ತದೆ. ಕರೆಂಟ್ ಹೋದರೂ ನಡೆಯುತ್ತದೆ, ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಬಹುದು. ಆದರೆ ಪೂರ್ತಿ ಇಳಿದ ಟೈರನ್ನು ತುಂಬಿಸಲು ಐದಾರು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ಕೈ ಸುಡುವಷ್ಟು ಕಾಯುತ್ತದೆ. ಹತ್ತು ನಿಮಿಷ ಓಡಿಸಿ ಹತ್ತು ನಿಮಿಷ ಬಿಡಿ ಅಂತ ಕೈಪಿಡಿಯಲ್ಲಿ ಬರೆದಿರುವುದು ಸುಮ್ನೆ ಅಲ್ಲ.

ಟ್ಯಾಂಕ್ ಇರುವ ಕಂಪ್ರೆಸರಿನಲ್ಲಿ ಮೊದಲು ಗಾಳಿ ತುಂಬಿಟ್ಟುಕೊಂಡರೆ ಆಯಿತು. ಲೆಕ್ಕ ಹಾಕಿ ನೋಡಿ. 24 ಲೀಟರ್ ಟ್ಯಾಂಕ್ 8 ಬಾರ್‌ಗೆ, ಅಂದರೆ ಸುಮಾರು 115 ಪಿಎಸ್‌ಐಗೆ ತುಂಬಿ ನಿಂತಾಗ, ಅದು ಟೈರಿನ ಮಟ್ಟಕ್ಕೆ ಇಳಿಯುವುದರೊಳಗೆ ಸುಮಾರು 130 ಲೀಟರ್ ಮಾಮೂಲಿ ಗಾಳಿ ಹೊರಗೆ ಬರುತ್ತದೆ. ಚಿಕ್ಕ ಕಾರಿನ ಒಂದು ಟೈರನ್ನು 28ರಿಂದ 33ಕ್ಕೆ ಏರಿಸಲು ಹತ್ತು-ಹನ್ನೆರಡು ಲೀಟರ್ ಸಾಕು. ನಾಲ್ಕು ಟೈರು, ಸ್ಟೆಪ್ನಿ, ಎರಡೂ ಬೈಕು ಮುಗಿದರೂ ಇನ್ನೂ ಗಾಳಿ ಉಳಿದಿರುತ್ತದೆ. ಮೋಟರ್ ಮತ್ತೆ ಓಡುವ ಪ್ರಮೇಯ ಬರುವುದು ಕಡಿಮೆ.

ಟ್ಯೂಬ್‌ಲೆಸ್ ಟೈರಿನ ಅಂಚು ರಿಮ್ಮಿನಿಂದ ಬಿಟ್ಟುಕೊಂಡಿದ್ದರೆ ಮಾತ್ರ ಪುಟ್ಟ ಇನ್‌ಫ್ಲೇಟರಿನಿಂದ ಏನೂ ಆಗದು. ಹಾಕಿದ ಗಾಳಿಯೆಲ್ಲ ಸಂದಿಯಿಂದ ಹೊರಗೆ. ಅಲ್ಲಿ ಒಮ್ಮೆಲೇ ನುಗ್ಗುವ ಗಾಳಿ ಬೇಕು. ವಾಲ್ವಿನ ಒಳಗಿನ ಪಿನ್ ಬಿಚ್ಚಿ, ಅಂಚಿಗೆ ಸೋಪಿನ ನೀರು ಸವರಿ, ಟ್ಯಾಂಕಿನ ಗಾಳಿ ಬಿಟ್ಟರೆ ಸ್ಕೂಟರಿನ ಟೈರ್ ಟಪ್ ಅಂತ ಕೂರುತ್ತದೆ.

ಮಕ್ಕಳ ಸೈಕಲ್ಲಿನದ್ದು ಬೇರೆ ಕಥೆ. ಸಾದಾ ಸೈಕಲ್ಲಿನ ಹಳೇ ಡನ್‌ಲಪ್ ವಾಲ್ವಿನಲ್ಲಿ ಚಿಕ್ಕ ರಬ್ಬರ್ ಟ್ಯೂಬ್ ಇರುತ್ತದೆ. ಗಾಳಿ ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಹಾಗಾಗಿ ಯಾವ ಮೀಟರಿಗೂ ಒಳಗಿನ ಒತ್ತಡ ಸರಿಯಾಗಿ ಕಾಣುವುದಿಲ್ಲ. ಇದಕ್ಕೆ ಕೈಪಂಪೇ ವಾಸಿ. ಹೆಬ್ಬೆರಳಲ್ಲಿ ಒತ್ತಿ ನೋಡಿ ನಿಲ್ಲಿಸಬಹುದು.

ಇನ್ನು ಧೂಳು. ಕಂಪ್ರೆಸರಿನಿಂದ ನನಗೆ ಜಾಸ್ತಿ ಉಪಯೋಗವಾಗಿರುವುದು ಇಲ್ಲೇ, ಟೈರಿನಲ್ಲಿ ಅಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚುವ ಮೊದಲು ಅದರ ಸುತ್ತಲ ಗುಂಡಿಗೆ ಗಾಳಿ ಹೊಡೆದರೆ ಮಣ್ಣು ಸಿಲಿಂಡರಿನೊಳಗೆ ಬೀಳುವುದಿಲ್ಲ. ಕಳೆ ಯಂತ್ರದ ಕಾರ್ಬ್ಯುರೇಟರಿನ ಜೆಟ್ಟುಗಳನ್ನು (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗಗಳನ್ನು) ಪೆಟ್ರೋಲಿನಲ್ಲಿ ತೊಳೆದು ಊದಿದರೆ ಅರ್ಧ ರಿಪೇರಿ ಮುಗಿದಂತೆ. ಕಾರಿನ ಏರ್ ಫಿಲ್ಟರನ್ನು ಒಳಗಿನಿಂದ ಹೊರಕ್ಕೆ ಊದಬೇಕು, ಅದೂ ಒತ್ತಡ ಇಳಿಸಿಕೊಂಡು. ಇಲ್ಲದಿದ್ದರೆ ಕಾಗದ ಹರಿಯುತ್ತದೆ. ರೇಡಿಯೇಟರನ್ನೂ ಎಂಜಿನ್ ಕಡೆಯಿಂದ ಮುಂದಕ್ಕೆ ಊದಬೇಕು.

ಕೆಲವಕ್ಕೆ ಗಾಳಿ ಹೊಡೆಯಲೇಬಾರದು. ಬ್ರೇಕ್ ಡ್ರಮ್ಮಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಬೇರಿಂಗನ್ನು ಗಾಳಿಯಿಂದ ಗಿರಗಿರ ತಿರುಗಿಸುವ ಆಟ ಬೇಡ, ಕೇಳಲು ಮಜಾ, ಸಿಡಿದರೆ ಆಸ್ಪತ್ರೆ. ಮೈಮೇಲಿನ ಧೂಳು ಹೊಡೆದುಕೊಳ್ಳುವುದನ್ನಂತೂ ಪೂರ್ತಿ ಬಿಡಿ. ಚರ್ಮದ ಗಾಯದಿಂದ ಗಾಳಿ ಒಳಗೆ ಹೋದರೆ ಜೀವಕ್ಕೇ ಅಪಾಯ.

ಧೂಳು ಊದಲು ಪೈಪಿನ ತುದಿಗೆ ಸಿಕ್ಕಿಸುವ ಬ್ಲೋ ಗನ್ ಗಾಳಿಯನ್ನು ಎರ್ರಾಬಿರ್ರಿ ನುಂಗುತ್ತದೆ. ಒಂದೇ ಸಮನೆ ಒತ್ತಿ ಹಿಡಿದರೆ ನಮ್ಮ 24 ಲೀಟರ್ ಟ್ಯಾಂಕ್ ಅರ್ಧ ನಿಮಿಷದಲ್ಲಿ ಸೋಲುತ್ತದೆ. ಬಿಟ್ಟು ಬಿಟ್ಟು ಒತ್ತಿದರೆ ತೊಂದರೆಯಿಲ್ಲ. ಶೆಡ್ಡಿನ ನೆಲ, ಕಿಟಕಿ, ಜೇಡರ ಬಲೆ ಇವಕ್ಕಾದರೆ ಕಂಪ್ರೆಸರೇ ಬೇಡ. ಒಂದೂವರೆ-ಎರಡು ಸಾವಿರದ ಕೈ ಬ್ಲೋವರ್ ಇದಕ್ಕಿಂತ ಚೆನ್ನಾಗಿ ಮಾಡುತ್ತದೆ. ಅದರಲ್ಲಿ ಒತ್ತಡ ಕಡಿಮೆ, ಗಾಳಿ ಧಾರಾಳ.

ಭಾವನ ಯಂತ್ರ ಗೆದ್ದಿದ್ದು ಪೇಂಟಿಂಗಿನಲ್ಲಿ. ಗೇಟಿಗೆ ಬಣ್ಣ ಹೊಡೆಯುವಾಗ ಮೊದಲು ನಮ್ಮ ಚಿಕ್ಕದನ್ನೇ ಹಚ್ಚಿದೆವು. ಸಾಮಾನ್ಯ ಸ್ಪ್ರೇ ಗನ್ನಿಗೆ ಐದಾರು ಸಿಎಫ್‌ಎಂ ಆದರೂ ಬೇಕು, ಇದಕ್ಕೆ ಅಷ್ಟು ಶಕ್ತಿ ಇಲ್ಲ. ನಾಲ್ಕು ಕಂಬಿ ಮುಗಿಯುವಷ್ಟರಲ್ಲಿ ಒತ್ತಡ ಇಳಿದು ಬಣ್ಣ ಹನಿಹನಿಯಾಗಿ ಉಗುಳತೊಡಗುತ್ತದೆ, ಮತ್ತೆ ತುಂಬುವವರೆಗೆ ಕಾಯಬೇಕು. ಬೆಲ್ಟಿನದ್ದು ಹಾಗಲ್ಲ. ನಿಧಾನವಾಗಿ ತಿರುಗುತ್ತದೆ, ಬೇಗ ಕಾಯುವುದಿಲ್ಲ, ಇಡೀ ಗೇಟನ್ನು ಒಂದೇ ಉಸಿರಿಗೆ ಮುಗಿಸಬಹುದು. ಆದರೆ ಅದರ ಗಾಳಿಯ ಜೊತೆ ಆಯಿಲ್ಲಿನ ಹಬೆಯೂ ಬರುತ್ತದೆ. ನಡುವೆ ಫಿಲ್ಟರ್ ಇಲ್ಲದಿದ್ದರೆ ಬಣ್ಣದ ಮೇಲೆ ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತವೆ. ಅದೇ ಕಾರಣಕ್ಕೆ ಕಂಪ್ಯೂಟರಿನ ಧೂಳಿಗೆ ನಾನು ಆ ಗಾಳಿ ಹೊಡೆಯುವುದಿಲ್ಲ.

ಗಾಳಿಯಿಂದ ನಡೆಯುವ ಇಂಪ್ಯಾಕ್ಟ್ ರೆಂಚನ್ನೂ ಭಾವನ ಬಳಿ ನೋಡಿದೆ. ಚಕ್ರದ ನಟ್ಟು ಕ್ಷಣದಲ್ಲಿ ಬಿಚ್ಚುತ್ತದೆ, ನಿಜ. ಆದರೆ ವರ್ಷಕ್ಕೆ ಎರಡು ಸಲ ಚಕ್ರ ಬಿಚ್ಚುವವರಿಗೆ ಉದ್ದ ಹಿಡಿಯ ಸ್ಪ್ಯಾನರ್ ಸಾಕು. ಅದಕ್ಕಿಂತ ಜಾಸ್ತಿ ಬೇಕೆಂದರೆ ಈಗ ಬ್ಯಾಟರಿಯದ್ದು ಬಂದಿದೆ, ಪೈಪ್ ಎಳೆದಾಡುವ ಕೆಲಸವಿಲ್ಲ. ರೆಂಚಿಗಾಗಿ ಅಂತ ಯಾರೂ ದೊಡ್ಡ ಕಂಪ್ರೆಸರ್ ತರಬೇಡಿ.

ಮಲೆನಾಡಿನವರಿಗೆ, ಕರಾವಳಿಯವರಿಗೆ ನೀರಿನ ಮಾತು ಹೇಳಲೇಬೇಕು. ಗಾಳಿಯನ್ನು ಒತ್ತಿದಾಗ ಬಿಸಿಯಾಗುತ್ತದೆ, ಟ್ಯಾಂಕಿನಲ್ಲಿ ಆರಿದಾಗ ಅದರ ತೇವ ನೀರಾಗಿ ತಳ ಸೇರುತ್ತದೆ. ಬೇಸಿಗೆಯಲ್ಲಿ ಅಷ್ಟು ಗೊತ್ತಾಗದು. ಆಷಾಢದಲ್ಲಿ ತಳದ ವಾಲ್ವ್ ತಿರುಗಿಸಿದರೆ ಕಂದು ನೀರು ಸುರಿಯುತ್ತದೆ. ಬಳಸಿದ ದಿನವೇ ಹೊರಗೆ ಬಿಡದಿದ್ದರೆ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತಾ ಬರುತ್ತದೆ, ಹೊರಗೆ ಹೊಸ ಬಣ್ಣ ಹಾಗೇ ಇರುತ್ತದೆ. ತುಕ್ಕು ತಿಂದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಿ ಬಳಸುವುದು ಬೇಡ. ಟ್ಯಾಂಕೇ ಇಲ್ಲದ 12 ವೋಲ್ಟಿನದ್ದಕ್ಕೆ ಈ ಚಿಂತೆ ಇಲ್ಲ.

ಸದ್ದು? ಎರಡು ಪಿಸ್ಟನ್ನಿನ, ಆಯಿಲ್ ಹಾಕಬೇಕಿಲ್ಲದ ಹೊಸ ಕಂಪ್ರೆಸರ್ ಪಕ್ಕ ನಿಂತು ಮಾತಾಡಬಹುದು. ಬೆಲ್ಟಿನದ್ದು ದಡದಡ ಅಂದರೂ ಕಿವಿಗೆ ಚುಚ್ಚುವುದಿಲ್ಲ. ಕಿರುಚುವುದು 12 ವೋಲ್ಟಿನದ್ದೇ.

ನನ್ನ ಆಯ್ಕೆ ಹೀಗಿದೆ. ಕಾರು ಬೈಕಿಗೆ ಗಾಳಿ ಮಾತ್ರ ಸಾಕಾದರೆ 12 ವೋಲ್ಟಿನದ್ದು ತನ್ನಿ, ಮೇಲಿಂದ ಒಂದು ಬ್ಲೋವರ್. ಕೈಯಾರೆ ಬೈಕ್ ಬಿಚ್ಚಿ ಜೋಡಿಸುವ ಹುಚ್ಚಿದ್ದರೆ 24 ಲೀಟರಿನದ್ದು. ಬೆಲ್ಟಿನದ್ದು ಪೇಂಟಿಂಗ್ ಆಗಾಗ ಮಾಡುವವರಿಗೆ, ಜಾಗ ಇರುವವರಿಗೆ. ಟ್ಯಾಂಕಿನ ಎರಡಕ್ಕೂ ವೋಲ್ಟೇಜ್ ಸರಿಯಾಗಿ ಬೇಕು. ಶುರುವಾಗುವಾಗ ಮೋಟರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಮನೆಯ ಸಣ್ಣ ಇನ್ವರ್ಟರಿನಲ್ಲಿ ಇವು ನಡೆಯವು. ಸಂಜೆ ವೋಲ್ಟೇಜ್ ಇಳಿದಾಗ ಮೋಟರ್ ಹೂಂಕರಿಸಿ ನಿಂತುಬಿಡುತ್ತದೆ, ಆಗ ಕೂಡಲೇ ಸ್ವಿಚ್ ಆರಿಸಿ. ಸಾಕೆಟ್ ದೂರವಿದ್ದರೆ ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆಯಬೇಡಿ. ಕಂಪ್ರೆಸರನ್ನು ಸಾಕೆಟ್ ಬುಡದಲ್ಲೇ ಇಟ್ಟು ಗಾಳಿಯ ಪೈಪನ್ನು ಉದ್ದ ಮಾಡಿಕೊಳ್ಳಿ. ಹತ್ತು ಮೀಟರಿನ ಪೈಪ್ ಇದ್ದರೆ ಅಂಗಳದಲ್ಲಿ ನಿಂತ ಕಾರಿನ ಹಿಂದಿನ ಚಕ್ರಕ್ಕೂ ಸಿಗುತ್ತದೆ.